ಎರಡು ಬೆರಳು ಸರಿದ ಘಟ್ಟ

ನಾನು ಒಪ್ಪಿಕೊಳ್ಳಬೇಕಾದ ತಪ್ಪು ಒಂದೇ ಮಾತಿನದು. ‘ನೋಡಿದೆ’ ಎಂದು ಹೇಳಿದೆ, ನೋಡಿರಲಿಲ್ಲ. ಆದರೆ ಅದನ್ನು ಬರೆಯಲು ಕುಳಿತಾಗಲೆಲ್ಲ ತಪ್ಪಿಗಿಂತ ಮೊದಲು ಆ ವರ್ಷದ ಸಂಭ್ರಮವೇ ನುಗ್ಗಿ ಬರುತ್ತದೆ. ಎಪ್ಪತ್ತೈದು ದಾಟಿದ ಈ ಎದೆ ಈಗಲೂ ಹಾರುತ್ತದೆ. ತಪ್ಪು ಮಾಡಿದವನಿಗೆ ಇಷ್ಟು ಖುಷಿ ನೆನಪಿರಬಾರದು. ಇದೆ, ಏನು ಮಾಡಲಿ. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ದೊಡ್ಡ ನೆರೆ ಬಂದು ಇಳಿದ ವರ್ಷ ಅದು. ನೇತ್ರಾವತಿ, ಗುರುಪುರ ಹೊಳೆ ಎರಡೂ ಒಟ್ಟಿಗೆ ಏರಿ ಬಂದರಿನ ಗೋದಾಮುಗಳ ಒಳಗೆ ದೋಣಿ ಹೋಗಿತ್ತು. ನನಗೆ ಆಗ ಇಪ್ಪತ್ತೆರಡು. ಹೈಸ್ಕೂಲು ಮುಗಿಸಿ ಗುರುಪುರ ಹೊಳೆಯ ದಂಡೆಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ; ನಮ್ಮ ಕಡೆ ರೈಟರ್ ಎನ್ನುತ್ತಿದ್ದರು. ಮನೆ ಕೊಟ್ಟಾರದಲ್ಲಿ. ಈಗ ಹೆದ್ದಾರಿ ಹೋಗುವಲ್ಲಿ ಆಗ ನಮ್ಮ ಗದ್ದೆ. ಓದಿನಲ್ಲಿ ನಾನು ಹೇಳಿಕೊಳ್ಳುವಂಥವನಲ್ಲ, ಆದರೆ ನಕ್ಷೆ ಬರೆಯುವುದರಲ್ಲಿ ಕೈ ಚುರುಕಿತ್ತು. ಸರ್ವೆ ನಕ್ಷೆಯಲ್ಲಿ ಗುಡ್ಡದ ಸುತ್ತ ಸುತ್ತಿಕೊಂಡ ಗೆರೆಗಳನ್ನು ನೋಡಿದರೆ ಗುಡ್ಡವೇ ಎದ್ದು ನಿಂತಂತೆ ನನಗೆ ಕಾಣುತ್ತಿತ್ತು.

ಮರುವರ್ಷ ಲಂಡನ್ನಿನಲ್ಲಿ ದೊಡ್ಡದೊಂದು ಪ್ರದರ್ಶನ ನಡೆಯಲಿದೆ, ಲೋಕದ ನಾನಾ ದೇಶಗಳ ಸರಕು ಅಲ್ಲಿ ಸೇರುತ್ತದೆ, ನಮ್ಮ ಜಿಲ್ಲೆಯಿಂದ ಏನಾದರೂ ಕಳಿಸಿ ಎಂದು ಕಲೆಕ್ಟರರ ಕಚೇರಿಯಿಂದ ಕಾಗದ ಬಂತು. ನಮ್ಮ ಧಣಿಗಳು ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಉಟ್ಟ ಮುಂಡಿನ ಚುಂಗು ಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದರು. ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

“ಹೆಂಚು ಎಲ್ಲರೂ ಕಳಿಸ್ತಾರೆ. ನಾವು ಜಿಲ್ಲೆಯನ್ನೇ ಕಳಿಸುವ.”

ಸಮುದ್ರದಿಂದ ಘಟ್ಟದ ನೆತ್ತಿಯವರೆಗೆ, ಬೈಂದೂರಿನಿಂದ ಕಾಸರಗೋಡಿನ ಆಚೆಯವರೆಗೆ, ಇಡೀ ದಕ್ಷಿಣ ಕನ್ನಡ ಜಿಲ್ಲೆಯನ್ನು ಸುಟ್ಟ ಮಣ್ಣಿನಲ್ಲಿ ಉಬ್ಬು ನಕ್ಷೆಯಾಗಿ ಮಾಡುವುದು. ಒಂದು ಮೈಲಿಗೆ ಎರಡು ಇಂಚು. ಲೆಕ್ಕ ಹಾಕಿದರೆ ಉದ್ದ ಇಪ್ಪತ್ತೈದು ಅಡಿಯ ಹತ್ತಿರ, ಅಗಲ ಎಂಟು ಅಡಿ. ಅದನ್ನು ಒಂದೊಂದು ಅಡಿಯ ಚೌಕ ತುಂಡುಗಳಾಗಿ ಸುಟ್ಟು, ಪೆಟ್ಟಿಗೆಯಲ್ಲಿ ತುಂಬಿ, ಹಡಗಿನಲ್ಲಿ ಕಳಿಸಿ, ಅಲ್ಲಿ ಜೋಡಿಸುವುದು. ಆ ದಿನ ಸಂಜೆ ನಾನು ಕೊಟ್ಟಾರಕ್ಕೆ ನಡೆದು ಹೋಗಲಿಲ್ಲ, ಓಡಿದೆ. ನಮ್ಮ ಗದ್ದೆಯ ಬದುವಿನಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಘಟ್ಟ ನೀಲಿಯಾಗಿ ಕಾಣುತ್ತಿತ್ತು. ಇದನ್ನು ಎತ್ತಿ ಪೆಟ್ಟಿಗೆಗೆ ಹಾಕುವವರು ನಾವು ಎಂದುಕೊಂಡೆ.

ನಾವು ಎಂದರೆ ನಾನು ಮತ್ತು ಕಾಕ. ಕಾರ್ಖಾನೆಯ ಅಚ್ಚುಗಳನ್ನು ಮಾಡುವ ಮೇಸ್ತ್ರಿಯನ್ನು ಎಲ್ಲರೂ ಕಾಕ ಎಂದೇ ಕರೆಯುತ್ತಿದ್ದರು. ಅವರು ನಮ್ಮ ಕರಾವಳಿಯ ಬ್ಯಾರಿ ಮುಸಲ್ಮಾನರು, ಮನೆಯಲ್ಲಿ ಬ್ಯಾರಿ ಮಾತು, ನಮ್ಮೊಡನೆ ತುಳು. ಅರುವತ್ತರ ಹತ್ತಿರದ ವಯಸ್ಸು. ಪ್ರಾಯದಲ್ಲಿ ಹೇರೆತ್ತುಗಳ ಮೇಲೆ ಉಪ್ಪು, ಒಣಮೀನು ಹೇರಿಕೊಂಡು ಚಾರ್ಮಾಡಿ, ಶಿರಾಡಿ ಹತ್ತಿ ಇಳಿದವರು. ಎತ್ತುಗಳು ರೋಗ ಬಂದು ಸತ್ತ ಮೇಲೆ ಕಾರ್ಖಾನೆಗೆ ಮಣ್ಣು ತುಳಿಯಲು ಸೇರಿದರು. ಅವರ ಕೈಯ ಗುಣ ನೋಡಿ ಹಿಂದಿನ ಮೇಸ್ತ್ರಿ ಅಚ್ಚಿನ ಮೇಜಿಗೆ ಕರೆದುಕೊಂಡರಂತೆ. ಓದು ಬರಹ ಗೊತ್ತಿಲ್ಲ. ಆದರೆ ಘಟ್ಟದ ತಿರುವು ತಿರುವೂ ಕಾಲಿಗೆ ಗೊತ್ತು.

ಮೊದಲನೆಯ ದಿನವೇ ನಮಗೆ ಜಗಳವಾಯಿತು. ಒಂದು ಮೈಲಿಗೆ ಎರಡು ಇಂಚಿನ ಲೆಕ್ಕದಲ್ಲಿ ಚಾರ್ಮಾಡಿ ಎಷ್ಟು ಎತ್ತರ ಬರುತ್ತದೆ ಎಂದು ಅವರು ಕೇಳಿದರು. ಒಂದು ಇಂಚು ಚಿಲ್ಲರೆ ಎಂದೆ.

“ಎಂತ? ನನ್ನ ಎತ್ತು ನಾಲಗೆ ಹೊರಗೆ ಹಾಕಿ ಹತ್ತಿದ ಘಟ್ಟ ಒಂದು ಇಂಚಾ? ನಿಮ್ಮ ಪುಸ್ತಕದವರು ಅದನ್ನು ಹತ್ತಿದ್ದಾರಾ ರೈಟ್ರೇ?”

ಲೆಕ್ಕ ಹಾಗೇ ಬರುತ್ತದೆ ಎಂದು ವಾದಿಸಿದೆ. ಅವರು ಒಂದು ಹಿಡಿ ಮಣ್ಣು ತೆಗೆದು ಮೇಜಿನ ಮೇಲೆ ಒಂದಿಂಚು ಎತ್ತರಕ್ಕೆ ತಟ್ಟಿ, ದೂರ ನಿಂತು, ಇದು ಸಗಣಿಯ ಹಾಗೆ ಕಾಣುತ್ತದೆ, ಇದನ್ನು ನೋಡಲು ಯಾರು ಹಡಗು ಹತ್ತಿ ಬರುತ್ತಾರೆ ಎಂದು ಕೇಳಿದರು. ಮಣ್ಣು ಮಿದಿಯುತ್ತಿದ್ದ ಹೆಂಗಸರು ನಕ್ಕರು. ಧಣಿಗಳ ತನಕ ದೂರು ಹೋಯಿತು. ಕೊನೆಗೆ ಎತ್ತರವನ್ನು ಮಾತ್ರ ನಾಲ್ಕು ಪಟ್ಟು ಮಾಡುವುದು ಎಂದು ತೀರ್ಮಾನವಾಯಿತು. ನಕ್ಷೆ ಮಾಡುವವರು ಹೊರದೇಶದಲ್ಲೂ ಹಾಗೆ ಮಾಡುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಕಾಕನಿಗೆ ಅದು ಎತ್ತಿನಿಂದಲೇ ತಿಳಿದಿತ್ತು.

ಅದೇ ದಿನ ಧಣಿಗಳು ಇನ್ನೊಂದು ಮಾತು ಹೇಳಿದರು. ಲಂಡನ್ನಿನಲ್ಲಿ ತುಂಡುಗಳನ್ನು ಜೋಡಿಸಲು ಇಲ್ಲಿಂದ ಒಬ್ಬ ಹೋಗಬೇಕು, ಒಬ್ಬನಿಗೆ ಮಾತ್ರ ಹಡಗಿನ ಟಿಕೇಟು, ಅದು ಕಾಕನಿಗೆ. ಕಾಕ ಕೈಯ ಮಣ್ಣನ್ನು ಒರೆಸಿಕೊಂಡೇ ಇದ್ದರು, ಮಣ್ಣೆಲ್ಲ ಹೋದ ಮೇಲೂ.

ಎರಡು ದಿನ ಬಿಟ್ಟು ಅವರು ಒಂದು ಜೊತೆ ಕ್ಯಾನ್‌ವಾಸ್ ಬೂಟು ತಂದರು. ಹುಟ್ಟಿದಂದಿನಿಂದ ಬರಿಗಾಲಿನಲ್ಲಿದ್ದವರು. ಮಧ್ಯಾಹ್ನ ಊಟದ ಹೊತ್ತಿಗೆ ಬೂಟು ಹಾಕಿಕೊಂಡು, ಒಣಗಲು ಇಟ್ಟ ಹೆಂಚಿನ ಸಾಲುಗಳ ನಡುವೆ ಆ ತುದಿಯಿಂದ ಈ ತುದಿಗೆ ನಡೆದು ಅಭ್ಯಾಸ ಮಾಡುತ್ತಿದ್ದರು. ಕೆಸರಿನಲ್ಲಿ ಕೊಕ್ಕರೆ ನಡೆದ ಹಾಗಿತ್ತು. ಹೆಂಚು ಹೊರುವ ಹೆಂಗಸರು ಬುಟ್ಟಿ ಇಳಿಸಿ ಸಾಲಾಗಿ ಕುಳಿತು ನೋಡುವರು.

“ಕಾಕಾ, ಕಾಲು ಇದ್ದದ್ದು ನಡೆಯಲಿಕ್ಕಾ, ಪೆಟ್ಟಿಗೆಗೆ ಹಾಕಲಿಕ್ಕಾ?”

“ನಗು ಮಾರಾಯ್ತಿ. ವಿಲಾಯತಿಯಲ್ಲಿ ಬರಿಗಾಲು ಹಾಕಿದರೆ ಐಸಿಗೆ ಅಂಟಿಕೊಳ್ತದಂತೆ. ಆಮೇಲೆ ಕಾಲನ್ನು ಅಲ್ಲೇ ಬಿಟ್ಟು ಬರಬೇಕು.”

ಬೂಟು ಕಚ್ಚಿ ಹಿಮ್ಮಡಿ ಒಡೆಯಿತು. ಅರಿಶಿನ ಹಚ್ಚಿ ಮತ್ತೆ ನಡೆದರು. ಯಾಕೆ ಇಷ್ಟು ಆಸೆ ಎಂದು ನಾನು ಒಮ್ಮೆ ಕೇಳಿದ್ದೆ. ಊರು ನೋಡುವ ಆಸೆ ತನಗೆ ಅಷ್ಟಿಲ್ಲ, ಆದರೆ ಘಟ್ಟವನ್ನು ತಾನು ಯಾವಾಗಲೂ ಒಳಗಿನಿಂದಲೇ ಕಂಡದ್ದು, ಒಂದು ತಿರುವಿನ ಆಚೆ ಇನ್ನೊಂದು ತಿರುವು, ಎದುರಿಗೆ ಎತ್ತಿನ ಬಾಲ. ಇಡೀ ಘಟ್ಟ ಒಟ್ಟಿಗೆ ನಿಂತದ್ದನ್ನು ಒಮ್ಮೆ ಮೇಲಿನಿಂದ ನೋಡಬೇಕು, ಅದನ್ನು ತನ್ನ ಕೈಯಲ್ಲೇ ನಿಲ್ಲಿಸಬೇಕು, ಎಂದರು.

ಕೆಲಸ ಹೀಗೆ ನಡೆಯುತ್ತಿತ್ತು. ಸರ್ವೆ ನಕ್ಷೆಯ ಮೇಲೆ ಚೌಕಗಳನ್ನು ಹಾಕಿ, ಒಂದೊಂದು ಚೌಕವನ್ನು ದೊಡ್ಡ ಕಾಗದಕ್ಕೆ ಏರಿಸುವುದು ನಾನು. ಗುಡ್ಡದ ಸುತ್ತಿನ ಒಂದೊಂದು ಗೆರೆಗೂ ಒಂದೊಂದು ತೆಳು ಮಣ್ಣಿನ ಹಾಳೆ ಕತ್ತರಿಸಿ, ನೀರ್‌ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಇಡುವುದು ಕಾಕ. ಆಮೇಲೆ ಬೆರಳಿನ ಹಿಂಬದಿಯಿಂದ ಇಳಿಜಾರನ್ನು ತೀಡುವರು. ನನ್ನ ಗೆರೆಯಲ್ಲಿ ಇಲ್ಲದ ಹಳ್ಳ ಕೊಳ್ಳಗಳು ಅವರ ಬೆರಳಿನಿಂದ ಬರುತ್ತಿದ್ದವು. ಇಲ್ಲಿ ಒಂದು ತೋಡು ಉಂಟು, ಇಲ್ಲಿ ಎತ್ತಿಗೆ ನೀರು ಕುಡಿಸುವುದು, ಎಂದು ಒತ್ತುವರು. ನಕ್ಷೆ ತೆಗೆದು ನೋಡಿದರೆ ಕೂದಲೆಳೆಯಂಥ ನೀಲಿ ಗೆರೆ ಅಲ್ಲಿ ಇರುತ್ತಿತ್ತು. ನಾನೇ ಅದನ್ನು ಬಿಟ್ಟಿರುತ್ತಿದ್ದೆ. ಹಾಗೆ ಆದಾಗಲೆಲ್ಲ ನನಗೆ ರೋಮ ನಿಲ್ಲುತ್ತಿತ್ತು. ಕುದುರೆಮುಖ ಒಂಬತ್ತು ಇಂಚು ಬಂತು. ಗಟ್ಟಿ ಮಣ್ಣಾದರೆ ಬೆಂಕಿಯಲ್ಲಿ ಸಿಡಿಯುತ್ತದೆಂದು ಬುಡದಿಂದ ಕೊರೆದು ಟೊಳ್ಳು ಮಾಡಿದರು. ಅದು ಭಟ್ಟಿಯಿಂದ ಒಡೆಯದೆ ಹೊರಗೆ ಬಂದ ದಿನ ಧಣಿಗಳು ಕಾರ್ಖಾನೆಗೆಲ್ಲ ಅವಲಕ್ಕಿ ಹಂಚಿದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಮಣ್ಣು ಒಣಗಿ ಸುಟ್ಟಾಗ ಕುಗ್ಗುತ್ತದೆ. ನಮ್ಮ ಕಾರ್ಖಾನೆಯ ಮಣ್ಣು ಹನ್ನೆರಡಕ್ಕೆ ಒಂದು ಕುಗ್ಗುತ್ತಿತ್ತು. ಅಂದರೆ ಹನ್ನೊಂದು ಇಂಚಿನ ಹೆಂಚು ಬೇಕಾದರೆ ಹನ್ನೆರಡು ಇಂಚಿನ ಅಚ್ಚು. ಬೇರೆ ಗದ್ದೆಯ ಮಣ್ಣು ಬೇರೆ ರೀತಿ ಕುಗ್ಗುತ್ತದೆ. ಆದ್ದರಿಂದ ಹೊಸ ಮಣ್ಣು ಬಂದರೆ ಮೊದಲು ಒಂದು ಕಟ್ಟಿ, ಅಂದರೆ ಮಣ್ಣಿನ ಚಪ್ಪಟೆ ಪಟ್ಟಿ, ಮಾಡಿ, ಹಸಿಯಾಗಿರುವಾಗಲೇ ಅದರ ಮೇಲೆ ಸರಿಯಾಗಿ ಒಂದಡಿ ದೂರದಲ್ಲಿ ಎರಡು ಗೆರೆ ಎಳೆಯುವುದು. ಒಣಗಿಸಿ, ಸುಟ್ಟು, ಆ ಗೆರೆಗಳ ನಡುವೆ ಮತ್ತೆ ಅಳೆಯುವುದು. ಹನ್ನೊಂದು ಇಂಚು ಉಳಿದರೆ ನಮ್ಮ ಮಣ್ಣು. ಇದನ್ನು ಗೆರೆ ನೋಡುವುದು ಎನ್ನುತ್ತಿದ್ದರು. ಹತ್ತು ಹನ್ನೆರಡು ದಿನದ ಕೆಲಸ. ಗೆರೆ ನೋಡದೆ ಹೊಸ ಮಣ್ಣು ಮುಟ್ಟುವುದೆಂದರೆ ನಮ್ಮಲ್ಲಿ ಕೈ ತೊಳೆಯದೆ ಊಟಕ್ಕೆ ಕುಳಿತಷ್ಟೇ ಅಸಹ್ಯ.

ಉತ್ತರದಿಂದ ಶುರು ಮಾಡಿದ್ದೆವು. ಬೈಂದೂರು, ಕುಂದಾಪುರ, ಉಡುಪಿ, ಸುರತ್ಕಲ್ ದಾಟಿ ಮಂಗಳೂರಿಗೆ ಬಂದೆವು. ಒಣಗಿಸುವ ಕೊಟ್ಟಿಗೆಯ ನೆಲದಲ್ಲಿ ಮರಳು ಹಾಸಿ ಸುಟ್ಟ ತುಂಡುಗಳನ್ನು ಜೋಡಿಸುತ್ತ ಹೋದಂತೆ ಕೆಲಸದವರೆಲ್ಲ ಬಂದು ತಮ್ಮ ತಮ್ಮ ಊರು ಹುಡುಕತೊಡಗಿದರು. ಮೊಣಕಾಲೂರಿ, ಬೆರಳಿಟ್ಟು, ನನ್ನ ಮನೆ ಇಲ್ಲಿ, ಅಲ್ಲ ಅದು ಹೊಳೆಯ ಆಚೆ, ಎಂದು ಗದ್ದಲ. ನಾನು ಕೊಟ್ಟಾರದ ದಿಬ್ಬವನ್ನು ತೋರಿಸಿದರೆ, ಇಷ್ಟೇ ಜಾಗದಿಂದ ಬಂದು ನಮ್ಮ ಮೇಲೆ ಇಷ್ಟು ದರ್ಬಾರು ಮಾಡುವುದಾ ಎಂದು ಒಬ್ಬಳು ಕೇಳಿದಳು. ಮಣ್ಣು ಮಿದಿಯುವವರಲ್ಲಿ ಬಾಯಿ ಜೋರಿನ ಒಬ್ಬಾಕೆ, ಉಳ್ಳಾಲದ ಸೊಸೆ, ನನ್ನ ಹತ್ತಿರ ಬಂದು ಗುಟ್ಟು ಹೇಳುವಂತೆ ಹೇಳಿದಳು:

“ರೈಟ್ರೇ, ನನ್ನ ಅತ್ತೆ ಮನೆ ಹೊಳೆಯ ದಕ್ಷಿಣಕ್ಕೆ. ಅದನ್ನು ಮಾಡುವಾಗ ಸ್ವಲ್ಪ ಸಮುದ್ರಕ್ಕೆ ತಳ್ಳಿಬಿಡಿ.”

ನೇತ್ರಾವತಿಯ ಬಡಗು ದಡಕ್ಕೆ ಬರುವಾಗ ನಮ್ಮ ಹಳೆಯ ಮಣ್ಣು ಮುಗಿಯಿತು. ಘಟ್ಟವನ್ನು ನಾಲ್ಕು ಪಟ್ಟು ಎತ್ತರಿಸಿದ್ದಕ್ಕೆ ಮಣ್ಣು ಹೆಚ್ಚೇ ಹಿಡಿದಿತ್ತು. ಮಣ್ಣು ತರುತ್ತಿದ್ದ ಗದ್ದೆಯ ಮೇಲೆ ನೆರೆಯ ಮರಳು ಮೊಣಕಾಲೆತ್ತರ ಕುಳಿತಿತ್ತು. ಮೇಲೆ, ಹೊಳೆಯ ಇನ್ನೊಂದು ತಿರುವಿನಲ್ಲಿ, ನೆರೆ ತಂದು ಬಿಟ್ಟ ಹೊಸ ಮಣ್ಣಿದೆ, ಬೆಣ್ಣೆಯ ಹಾಗಿದೆ ಎಂದು ದೋಣಿಯವರು ಹೇಳಿದರು. ಅದೇ ವಾರ ಕಾಕನ ಮಗಳ ನಿಕಾಹ್. ಎರಡು ವಾರ ಬರುವುದಿಲ್ಲ ಎಂದರು. ಹೋಗುವಾಗ ನನ್ನನ್ನು ಕರೆದು, ಮಣ್ಣು ತರಿಸಿ, ಕಟ್ಟಿ ಮಾಡಿ ಇವತ್ತೇ ಒಣಗಲಿಕ್ಕೆ ಇಡಿ, ಮುಂದಿನ ಭಟ್ಟಿಗೆ ಹಾಕಿ ಗೆರೆ ನೋಡಿ, ಎಂದು ಹೇಳಿ ಹೋದರು.

ಮಣ್ಣು ತರಿಸಿದೆ. ಕಟ್ಟಿ ಮಾಡಿದೆ. ಗೆರೆ ಎಳೆದೆ. ಒಣಗುವ ಅಟ್ಟದ ಮೇಲಿನ ಹಲಗೆಯಲ್ಲಿ ನನ್ನ ಕೈಯಾರೆ ಇಟ್ಟೆ. ಆಮೇಲೆ ಮರೆತೆ. ಮರೆಯುವುದಕ್ಕೆ ಕಾರಣ ನನ್ನ ಉತ್ಸಾಹವೇ. ದಕ್ಷಿಣದ ಕಾಗದಗಳನ್ನು ಏರಿಸುವುದರಲ್ಲಿ ಮುಳುಗಿದ್ದೆ. ಪುತ್ತೂರು, ಸುಳ್ಯದ ಗುಡ್ಡಗಳ ಗೆರೆಗಳು ಕಣ್ಣು ಮುಚ್ಚಿದರೂ ಕುಣಿಯುತ್ತಿದ್ದವು. ಭಟ್ಟಿ ತುಂಬಿದರು, ಬೆಂಕಿ ಹಾಕಿದರು, ಬಾಯಿ ಮುಚ್ಚಿದರು. ಕಟ್ಟಿ ಅಟ್ಟದ ಮೇಲೇ ಉಳಿಯಿತು.

ಕಾಕ ಮದುವೆ ಮುಗಿಸಿ ಬಂದರು. ಅಂಗಿಯಲ್ಲಿ ಅತ್ತರಿನ ವಾಸನೆ ಇನ್ನೂ ಇತ್ತು. ನನಗೆಂದು ಬಾಳೆಲೆಯಲ್ಲಿ ಸಿಹಿ ಕಟ್ಟಿ ತಂದಿದ್ದರು. ಹಡಗಿನ ದಿನ ಗೊತ್ತಾಗಿತ್ತು, ಹತ್ತಿರವೇ ಇತ್ತು. ಅವರು ಹೊಸ ಮಣ್ಣನ್ನು ಹಿಸುಕಿ ನೋಡಿ ಕೇಳಿದರು.

“ಗೆರೆ ನೋಡಿದ್ದೀರಾ?”

ಬಾಯಿಯಲ್ಲಿ ಅವರು ತಂದ ಸಿಹಿ ಇತ್ತು. ಮರೆತೆ ಎಂದರೆ ಮತ್ತೆ ಮುಂದಿನ ಭಟ್ಟಿಯ ತನಕ ಕಾಯಬೇಕು, ಹಡಗು ತಪ್ಪಬಹುದು, ಎಲ್ಲರೂ ನನ್ನನ್ನು ನೋಡುತ್ತಾರೆ. ಇಷ್ಟೆಲ್ಲ ಯೋಚಿಸಿ ಸುಳ್ಳು ಹೇಳಿದೆ ಎಂದರೆ ಅದೂ ಸುಳ್ಳಾದೀತು. ಮಾತು ತಾನಾಗಿ ಬಂತು.

“ನೋಡಿದೆ ಕಾಕ. ಹನ್ನೆರಡಕ್ಕೆ ಒಂದೇ.”

ಅವರು ಒಂದು ಗಳಿಗೆ ಮಣ್ಣನ್ನೂ ನನ್ನನ್ನೂ ನೋಡಿದರು. ಸರಿ ಎಂದು ಮಿದಿಯಲು ಹೇಳಿದರು. ಮರುದಿನ ಹೇಳಬಹುದಿತ್ತು. ಆ ವಾರ ದಿನವೂ ಹೇಳಬಹುದಿತ್ತು. ಆದರೆ ಎಲ್ಲ ಸರಿಯೇ ಬರಬಹುದು, ಎರಡೂ ಒಂದೇ ಹೊಳೆಯ ಮಣ್ಣಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲಸವಂತೂ ಹಾರಿಕೊಂಡು ಹೋಗುತ್ತಿತ್ತು. ಎಂದೂ ಅಷ್ಟು ಬೇಗ, ಅಷ್ಟು ಚೆಂದ ನಾವು ಮಾಡಿರಲಿಲ್ಲ. ಕಾಕ ಕೆಲಸ ಮಾಡುತ್ತ ಎತ್ತು ಹೊಡೆಯುವಾಗಿನ ಹಾಡು ಗುನುಗುತ್ತಿದ್ದರು.

ದಕ್ಷಿಣದ ತುಂಡುಗಳು ಭಟ್ಟಿಯಿಂದ ಬಂದ ದಿನ ಬೆಳಿಗ್ಗೆ ಇಡೀ ಕಾರ್ಖಾನೆ ಕೊಟ್ಟಿಗೆಯಲ್ಲಿ ಸೇರಿತ್ತು. ಧಣಿಗಳು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಕಾಕ ಬೂಟು ಹಾಕಿಕೊಂಡು ಬಂದಿದ್ದರು. ಸಮುದ್ರದ ಕಡೆಯಿಂದ ಜೋಡಿಸುತ್ತ ಹೋದೆವು. ಹೊಳೆ ಸಮುದ್ರ ಸೇರುವ ಅಳಿವೆ ಕೂಡಿತು, ಉಳ್ಳಾಲ ಕೂಡಿತು. ಎರಡನೆಯ ತುಂಡಿನಲ್ಲಿ ರಸ್ತೆಯ ಗೆರೆ ಕೂದಲಷ್ಟು ತಪ್ಪಿತು. ನಾಲ್ಕನೆಯದರಲ್ಲಿ ಹೊಳೆಯ ದಡ ತಪ್ಪಿತು. ಎಂಟನೆಯದನ್ನು ಇಡುವಾಗ ಎಲ್ಲರಿಗೂ ಕಂಡಿತು: ಉತ್ತರದಿಂದ ಬಂದ ಘಟ್ಟದ ಬೆನ್ನು ಚಾರ್ಮಾಡಿಯ ಕೆಳಗೆ ಕಡಿದುಹೋಗಿ, ಎರಡು ಬೆರಳು ಪಶ್ಚಿಮಕ್ಕೆ ಸರಿದು ಮತ್ತೆ ಶುರುವಾಗಿತ್ತು. ನಮ್ಮ ಲೆಕ್ಕದಲ್ಲಿ ಎರಡು ಬೆರಳೆಂದರೆ ಮುಕ್ಕಾಲು ಮೈಲು. ಘಟ್ಟದ ಕಡೆಯಿಂದ ಕೂಡಿಸಿ ನೋಡಿದೆವು. ಆಗ ಘಟ್ಟ ಸರಿಯಾಯಿತು, ಉಳ್ಳಾಲದ ಕಡಲತಡಿ ಎರಡು ಬೆರಳು ಒಳಗೆ ಹೋಯಿತು. ಬಾಯಿ ಜೋರಿನಾಕೆ, ಅತ್ತೆ ಮನೆ ನಿಜಕ್ಕೂ ನೀರಿಗೆ ಹೋಯ್ತಲ್ಲ ಎಂದಳು. ಯಾರೂ ನಗಲಿಲ್ಲ.

ಕಾಕ ನೆಲದಲ್ಲಿ ಕುಳಿತು ಘಟ್ಟದ ಬೆನ್ನಿನ ಮೇಲೆ ಬೆರಳು ಓಡಿಸಿಕೊಂಡು ಬಂದರು. ಕಡಿದಲ್ಲಿ ಬೆರಳು ನಿಂತಿತು.

“ಇಲ್ಲಿ ಬಂದಿದ್ದರೆ ನನ್ನ ಎತ್ತು ಬೀಳ್ತಿತ್ತು” ಎಂದರು.

ಆಮೇಲೆ ದಕ್ಷಿಣದ ಒಂದು ತುಂಡನ್ನೂ ಉತ್ತರದ ಒಂದು ತುಂಡನ್ನೂ ಎತ್ತಿ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದರು. ಎರಡರ ದನಿ ಬೇರೆ. ನನಗೂ ಕೇಳಿಸಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಬಾಗಿಲು ತೆರೆದು ಹಿಡಿದುಕೊಂಡು, ಬರುತ್ತೀಯಾ ಎಂದು ಕಾಯುವವರ ನೋಟ. ನಾನು ಕೈಯಲ್ಲಿದ್ದ ಕಾಗದದ ಸುರುಳಿಯನ್ನು ನೋಡಿದೆ.

“ಇದೆಂತ ಕಾಕ? ಮಣ್ಣಿನ ಗೆರೆ ನೋಡ್ಲಿಲ್ವಾ?” ಎಂದು ಧಣಿಗಳು ಕೇಳಿದರು.

“ನಾನು ನೋಡ್ಬೇಕಿತ್ತು ಧಣಿ. ಕಣ್ಣಾರೆ ನೋಡದ್ದು ನನ್ನ ತಪ್ಪು.”

ಅವರ ಮಟ್ಟಿಗೆ ಅದು ನಿಜವೇ. ಮೇಸ್ತ್ರಿಯಾದವನು ಇನ್ನೊಬ್ಬನ ಮಾತಿನ ಮೇಲೆ ಮಣ್ಣು ಮುಟ್ಟಬಾರದು. ಆದರೆ ಧಣಿಗಳಿಗೆ ಕೇಳಿಸಿದ್ದು ಬೇರೆ: ಮಗಳ ಮದುವೆಯ ಗಡಿಬಿಡಿಯಲ್ಲಿ ಮುದುಕ ಮರೆತ, ವಯಸ್ಸಾಯಿತು, ಕಣ್ಣು ಹೋಗಿದೆ. ಅವರು ಬೈಯಲಿಲ್ಲ. ಎದ್ದು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಅಷ್ಟು ದೂರ ಹೋಗಿ ಇಂಥದ್ದಾದರೆ ಜಿಲ್ಲೆಯ ಮಾನ ಹೋಗುತ್ತದೆ, ಇದನ್ನು ಏನಾದರೂ ಮಾಡಿ ಕೂಡಿಸಬಹುದಾದರೆ ಕೂಡಿಸಿ, ಹಡಗಿಗೆ ರೈಟರ್ ಹೋಗಲಿ ಎಂದರು.

ಈಗ ಬರೆಯುವುದು ಎಲ್ಲಕ್ಕಿಂತ ಕಷ್ಟ. ಆ ಮಾತು ಕೇಳಿದಾಗ ನನ್ನ ಎದೆಯಲ್ಲಿ ಎದ್ದದ್ದು ದುಃಖವಲ್ಲ. ಖುಷಿ. ಹಡಗು, ಲಂಡನ್ನು, ನಾನು. ನಾಚಿಕೆ ಅದರ ಹಿಂದೆ ಬಂತು, ತಡವಾಗಿ, ಕುಂಟಿಕೊಂಡು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅಟ್ಟ ಹತ್ತಿ, ಆ ಸುಡದ ಕಟ್ಟಿಯನ್ನು ಕೆಳಗಿಳಿಸಿ, ಗೋಣಿಯಲ್ಲಿ ಸುತ್ತಿ ನನ್ನ ಮೇಜಿನ ಕೆಳಗೆ ಅಡಗಿಸಿದೆ.

ಕೂಡಿಸುವ ದಾರಿಯನ್ನು ಹುಡುಕಿದ್ದೂ ಕಾಕನೇ. ಬೂಟು ಬಿಚ್ಚಿ ಬದಿಗಿಟ್ಟು, ಮೂಲೆಯಲ್ಲಿ ಕಸ ಗುಡಿಸಲು ಇಟ್ಟಿದ್ದ ಹಿಡಿಸೂಡಿಯಿಂದ ತೆಂಗಿನ ಕಡ್ಡಿಗಳನ್ನು ಎಳೆದರು. ದಕ್ಷಿಣದ ತುಂಡುಗಳನ್ನು ಅಂಟಿಸಿ ಇಡದೆ, ಒಂದೊಂದರ ನಡುವೆ ಮೂರು ಮೂರು ಕಡ್ಡಿಗಳಷ್ಟು ಸಂದು ಬಿಟ್ಟರು. ಎರಡು ಬೆರಳಿನ ಕೊರತೆ ಎಂಟು ತುಂಡುಗಳಿಗೆ ಹಂಚಿಹೋಗಿ, ಘಟ್ಟದ ಬೆನ್ನು ಕೂಡಿತು. ಸಂದುಗಳಿಗೆ ಹೆಂಚಿನ ಪುಡಿ ಮತ್ತು ಸುಣ್ಣ ಕಲಸಿ ತುಂಬಿ, ಗುಡ್ಡದಲ್ಲಿ ಗುಡ್ಡದಂತೆ, ಹೊಳೆಯಲ್ಲಿ ಹೊಳೆಯಂತೆ ಬೆರಳಿನಿಂದ ತೀಡಿದರು. ಮೂರು ದಿನದಲ್ಲಿ, ಗೊತ್ತಿಲ್ಲದವರಿಗೆ ಸಂದು ಕಾಣದಷ್ಟು ಚೊಕ್ಕವಾಯಿತು. ಆ ಮೂರು ದಿನವೂ ನನ್ನನ್ನು ಬದಿಯಲ್ಲಿ ಕೂರಿಸಿಕೊಂಡು ಕಲಿಸಿದರು. ಅಲ್ಲಿ ಹೋಗಿ ಮಾಡಬೇಕಾದವನು ನಾನಲ್ಲವೇ. ಪುಡಿ ಹೀಗೆ ಕಲಸಬೇಕು, ಅಲ್ಲಿ ಚಳಿ, ನೀರು ಬಿಸಿ ಮಾಡಿಕೊಳ್ಳಿ ಎಂದೆಲ್ಲ. ಪಾಠದ ಹೊರತಾಗಿ ಒಂದು ಮಾತಿಲ್ಲ. ನಾನು ಏನೋ ಹೇಳಲು ಬಾಯಿ ತೆರೆದರೆ ಕೈ ನಿಲ್ಲಿಸಿ ಕಾಯುತ್ತಿದ್ದರು. ನಾನು ಸುಣ್ಣದ ಬಗ್ಗೆ ಏನಾದರೂ ಕೇಳಿಬಿಡುತ್ತಿದ್ದೆ.

ಪೆಟ್ಟಿಗೆಗಳು ಬಂದರಿನಿಂದ ಮಂಜಿಯಲ್ಲಿ ಹೊರಟವು. ಆಗ ನಮ್ಮ ಬಂದರಿಗೆ ದೊಡ್ಡ ಹಡಗು ಬರುತ್ತಿರಲಿಲ್ಲ. ಅಳಿವೆಯ ಆಚೆ ನಿಂತಿರುತ್ತಿತ್ತು, ಹಾಯಿಯ ಮಂಜಿಗಳಲ್ಲಿ ಹೋಗಿ ಏರಬೇಕು. ಮನೆಯವರು, ಕಾರ್ಖಾನೆಯವರು ಎಲ್ಲ ಬಂದಿದ್ದರು. ನನ್ನ ಅಮ್ಮ ಸಮುದ್ರ ದಾಟುವವನನ್ನು ನೋಡುವುದಿಲ್ಲವೆಂದು ಮುಖ ತಿರುಗಿಸಿ ನಿಂತು, ತಿರುಗಿಸಿದ ಮುಖದಲ್ಲೇ ಉಪ್ಪಿನಕಾಯಿ ಭರಣಿ ಕೊಟ್ಟಳು. ಕಾಕ ಬಂದು ಒಂದು ಕಾಗದದ ಕಟ್ಟು ಕೈಗಿತ್ತರು. ಒಳಗೆ ಆ ಕ್ಯಾನ್‌ವಾಸ್ ಬೂಟು.

“ನಿಮ್ಮ ಕಾಲೂ ಇದೇ ಅಳತೆ. ನಡೆದು ನಡೆದು ಮೆತ್ತಗಾಗಿದೆ, ಇನ್ನು ಕಚ್ಚುದಿಲ್ಲ.”

ಆ ಬೂಟು ಹಾಕಿಕೊಂಡೇ ನಾನು ಲಂಡನ್ನಿನಲ್ಲಿ ನಡೆದೆ. ಅಲ್ಲಿಯ ಬಂದರಿನ ಸುಂಕದವರು ನನ್ನ ಪೆಟ್ಟಿಗೆಯಲ್ಲಿ ಹಿಡಿಸೂಡಿ ಕಡ್ಡಿಯ ಕಟ್ಟನ್ನು ಕಂಡು ಇದೇನು ಆಯುಧ ಎಂದು ಕೇಳಿದರು. ಪ್ರದರ್ಶನದ ವೈಭವವನ್ನು ನಾನು ಬರೆಯಹೊರಟರೆ ಮುಗಿಯುವುದಿಲ್ಲ. ರೈಲು ನಿಲ್ದಾಣದಷ್ಟು ದೊಡ್ಡ ಚಾವಡಿಗಳು, ನೋಡಿದಷ್ಟೂ ಜನ, ತಲೆಯ ಮೇಲೆ ಗಾಜಿನ ಮಾಡು. ಅದರ ಒಂದು ಮೂಲೆಯಲ್ಲಿ ಮೊಣಕಾಲೂರಿ ನಾನು ಬೈಂದೂರಿನಿಂದ ಕಾಸರಗೋಡಿನ ತನಕ ಜೋಡಿಸಿದೆ. ನೀರು ಬಿಸಿ ಮಾಡಿ ಪುಡಿ ಕಲಸಿದೆ. ಕೊನೆಯ ತುಂಡು ಕುಳಿತ ಮೇಲೆ ಏಣಿ ಹತ್ತಿ ನೋಡಿದೆ. ನಮ್ಮ ಊರು ಇಡಿಯಾಗಿ ಕೆಳಗೆ ಮಲಗಿತ್ತು, ಕೆಂಪಗೆ, ಘಟ್ಟದ ಬೆನ್ನು ಒಂದೇ ಎಳೆಯಾಗಿ ಉದ್ದಕ್ಕೆ. ಕೂಗಬೇಕೆನಿಸಿತು. ಯಾರನ್ನು ಕೂಗುವುದು? ಅದನ್ನು ಮೇಲಿನಿಂದ ನೋಡಬೇಕು ಎಂದವರು ಆ ಏಣಿಯ ಮೇಲೆ ಇರಲಿಲ್ಲ.

ಒಂದು ದಿನ ಒಬ್ಬ ಮುದುಕ ಇಂಗ್ಲಿಷಿನವನು ಬಂದು ದಕ್ಷಿಣದ ಭಾಗದ ಮೇಲೆ ತುಂಬ ಹೊತ್ತು ಬಗ್ಗಿ ನಿಂತಿದ್ದ. ಕೈಯ ಹೆಬ್ಬೆರಳುಗಳು ಚಪ್ಪಟೆಯಾಗಿದ್ದವು. ತಾನು ಕುಂಬಾರ, ಮೂರು ತಲೆಮಾರಿನಿಂದ ಎಂದ. ಇಲ್ಲಿ ಮಾತ್ರ ಯಾಕೆ ಸಂದು, ಎರಡು ಬಗೆಯ ಮಣ್ಣೇ ಎಂದು ಮೆಲ್ಲಗೆ ಕೇಳಿದ. ಹೌದು ಎಂದೆ. ಪರೀಕ್ಷೆ ಮಾಡಲಿಲ್ಲವೇ ಎಂದ. ಮಾಡಲಿಲ್ಲ, ತಪ್ಪು ನನ್ನದು ಎಂದೆ. ನನ್ನ ಬಾಯಿಯಿಂದ ಆ ಮಾತು ಮೊದಲು ಹೊರಟದ್ದು ಅಲ್ಲಿ, ಹೆಸರು ಗೊತ್ತಿಲ್ಲದವನ ಎದುರು, ಇಂಗ್ಲಿಷಿನಲ್ಲಿ. ಇದನ್ನು ಹೀಗೆ ಮುಚ್ಚಿದವನು ದೊಡ್ಡ ಕೆಲಸಗಾರ, ಅವನನ್ನು ನೋಡಬೇಕಲ್ಲ ಎಂದು ಆತ ಸುತ್ತಲೂ ನೋಡಿದ. ಅವರು ಬರಲಾಗಲಿಲ್ಲ ಎಂದೆ.

ಊರಿಗೆ ಬಂದ ಮರುದಿನ ಬೂಟು ಹಿಡಿದುಕೊಂಡು ಕಾಕನ ಮನೆಗೆ ಹೋದೆ. ಧಣಿಗಳು ಅಚ್ಚಿನ ಮೇಜಿಗೆ ಬೇರೆಯವನನ್ನು ತಂದಿದ್ದರು. ಕಣ್ಣು ಹೋದವರೆಂಬ ಸುದ್ದಿ ಉಳಿದ ಕಾರ್ಖಾನೆಗಳಿಗೂ ಹಬ್ಬಿ, ಕಾಕ ಬಂದರಿನಲ್ಲಿ ಅಣ್ಣನ ಒಣಮೀನಿನ ಅಂಗಡಿಯಲ್ಲಿ ಕೂರುತ್ತಿದ್ದರು. ಬೂಟಿನ ಸವೆದ ಅಡಿಯನ್ನು ತಿರುಗಿಸಿ ನೋಡಿ, ಇದು ನನಗಿಂತ ಹೆಚ್ಚು ಊರು ನೋಡಿದೆ ಎಂದು ನಕ್ಕರು. ಘಟ್ಟ ಸರಿ ನಿಂತಿತಾ ಎಂದು ಕೇಳಿದರು. ಎಲ್ಲ ಹೇಳಿದೆ. ಏಣಿ, ಮಾಡಿನಿಂದ ಬಿದ್ದ ಬೆಳಕು, ಕುಂಬಾರ, ಎಲ್ಲ. ಅವರ ಮುಖ ಹಿಗ್ಗಿತು. ಮೇಲಿನಿಂದ ಹೇಗೆ ಕಂಡಿತು ಎಂದು ಮೂರು ಸಲ ಹೇಳಿಸಿದರು. ಆಮೇಲೆ, ನಾನು ಗೆರೆ ನೋಡಿರಲಿಲ್ಲ ಕಾಕ ಎಂದೆ.

“ನನಗೆ ಅವತ್ತೇ ಗೊತ್ತುಂಟು ಮಾರಾಯ. ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ? ಧಣಿಗಳ ಹತ್ತಿರ ಹೇಳು.”

ಅಷ್ಟರ ತನಕ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವರು ಅಂದು ಮೊದಲ ಸಲ ಏಕವಚನದಲ್ಲಿ ಮಾತಾಡಿದರು. ಅದು ಕೋಪವೋ ಪ್ರೀತಿಯೋ ಇಂದಿಗೂ ತಿಳಿಯದು.

ಧಣಿಗಳ ಹತ್ತಿರ ಹೇಳಲಿಲ್ಲ. ಲಂಡನ್ನಿನಿಂದ ಬಂದ ಪ್ರಶಸ್ತಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಅವರು ನನ್ನ ಮೇಜಿನ ಮೇಲಿನ ಗೋಡೆಗೇ ತೂಗುಹಾಕಿದರು. ಬಂದವರಿಗೆಲ್ಲ ನನ್ನನ್ನು ತೋರಿಸಿ, ಲಂಡನ್ನಿಗೆ ಹೋದವನು ಇವನೇ ಎಂದು ಹೇಳುತ್ತಿದ್ದರು. ಇಂದು ಹೇಳುವ, ಈ ಮಳೆ ಕಳೆಯಲಿ, ಎನ್ನುತ್ತ ವರ್ಷಗಳಾದವು. ಕಾಕ ತೀರಿಹೋದರು. ಅವರ ಅಂಗಡಿಯ ಮುಂದೆ ಹಾದುಹೋಗದೆ ಸುತ್ತು ಬಳಸಿ ಬಂದರಿಗೆ ಹೋಗುವ ಅಭ್ಯಾಸ ಮಾತ್ರ ನನ್ನ ಕಾಲಿಗೆ ಉಳಿಯಿತು. ಎರಡನೆಯ ಯುದ್ಧದ ಕಾಲದಲ್ಲಿ ಧಣಿಗಳೂ ಹೋದರು. ನಕ್ಷೆ ತಿರುಗಿ ಬರಲಿಲ್ಲ, ಎಲ್ಲಿದೆಯೋ.

ಕಟ್ಟಿ ನನ್ನ ಬಳಿ ಇದೆ. ಲಂಡನ್ನಿನಿಂದ ಬಂದ ಮೇಲೆ ಅದನ್ನು ಹೆಂಚುಗಳ ನಡುವೆ ಸೇರಿಸಿ ಸುಡಿಸಿದೆ. ಗೆರೆಗಳ ನಡುವೆ ಅಳೆದರೆ, ಇಂಚಿಗೆ ಎಂಟು ನೂಲಿನ ಲೆಕ್ಕದಲ್ಲಿ, ಹತ್ತು ಇಂಚು ಆರು ನೂಲು. ಹನ್ನೊಂದಕ್ಕೆ ಎರಡು ನೂಲು ಕಡಿಮೆ. ಮೂರು ಹಿಡಿಸೂಡಿ ಕಡ್ಡಿಯಷ್ಟು. ಅವತ್ತು ನೋಡಿದ್ದರೆ ಇಷ್ಟೇ ಕಾಣುತ್ತಿತ್ತು.

ಯಾರ ಹತ್ತಿರ ಹೇಳಬೇಕಿತ್ತೋ ಅವರಿಗೆ ಹೇಳುತ್ತಿದ್ದೇನೆ. ಧಣಿಗಳೇ, ಕಾಕನ ಕಣ್ಣು ಹೋಗಿರಲಿಲ್ಲ. ಗೆರೆ ನೋಡಿದ್ದೀರಾ ಎಂದು ಅವರು ಕೇಳಿದ್ದರು. ನೋಡಿದೆ ಎಂದವನು ನಾನು. ಹಡಗಿನಲ್ಲಿ ಹೋಗಬೇಕಾದವರು ಅವರು.